ಯಾವ ಪಿಲ್ಚರ್?

'ಪ' ಅಕ್ಷರಕ್ಕೆ ಬಂದು ಸಿಕ್ಕಿಬಿದ್ದೆ.
ಎಡ್ವರ್ಡ್ ಪಿಲ್ಚರ್, ಎಡ್ವರ್ಡ್ ಪಿಲ್ಚರ್,
ದೊಡ್ಡಪ್ಪ ಮತ್ತು ತಮ್ಮನ ಮಗ,
ಹನ್ನೊಂದು ವರ್ಷದ ಅಂತರದಲ್ಲಿ
ಅದೇ ಬಳ್ಳಾರಿ, ಅದೇ ಕಚೇರಿ, ಅದೇ ಕುರ್ಚಿ.
ಕುರ್ಚಿಗೆ ಹೊಸ ಬೆತ್ತ ಹೆಣೆಸಿದ್ದಕ್ಕೆ
ಒಂದು ರೂಪಾಯಿ ಆರಾಣೆಯ ರಸೀದಿ ಸಿಕ್ಕಿದೆ.
ಹೆಣೆಸಿದವನು ಯಾವ ಪಿಲ್ಚರ್, ಅದರಲ್ಲಿಲ್ಲ.

ವಿಶ್ವಕೋಶದ ನಿಯಮಾವಳಿ, ಪುಟ ಏಳು:
ಶೀರ್ಷಿಕೆ ಚಿಕ್ಕದಿರಲಿ, ಸ್ಪಷ್ಟವಿರಲಿ.
ಸರ್ ಬೇಡ, ದೊರೆ ಬೇಡ, ಬಹದ್ದೂರ್ ಬೇಡ.
ಜನ ಹುಡುಕುವ ಹೆಸರೇ ಇರಲಿ.
ಗೊಂದಲವಾದರೆ ಆವರಣದಲ್ಲಿ ಒಂದು ಮಾತು.
ಒಂದೇ.

ಕೌಲ್ ಬಜಾರಿನ ಮಹಡಿ ಕೋಣೆ, ಏಪ್ರಿಲ್.
ಕಿಟಕಿ ತೆರೆದರೆ ಗುಡ್ಡದ ಕಾವು,
ಮುಚ್ಚಿದರೆ ಮೆಟ್ಟಿಲು ಹತ್ತಿ ಬರುವ ಮಿರ್ಚಿಯ ಘಾಟು.
ಪಿಲ್ಚರ್ (ಕಲೆಕ್ಟರ್) ಎಂದು ಬರೆದೆ.
ಇಬ್ಬರೂ ಕಲೆಕ್ಟರೇ.
ಪಿಲ್ಚರ್ (ಹಿರಿಯ).
ಹಿರಿಯ ನಲವತ್ತಕ್ಕೇ ಸತ್ತ, ಕಿರಿಯ ಎಂಬತ್ತು ದಾಟಿದ;
ಪಟದಲ್ಲಿ ಕಿರಿಯನದೇ ಬಿಳಿ ಗಡ್ಡ.
ಪಿಲ್ಚರ್ (ಬಾವಿ) ಎಂದು ಬರೆದು ನೋಡಿದೆ:
ಹಗರಿ ದಂಡೆಯ ಊರುಗಳಲ್ಲಿ
ಹಿರಿಯ ತೋಡಿಸಿದ್ದು ಹದಿನಾಲ್ಕು ಬಾವಿ.
ಹಾಗಿದ್ದರೆ ಇನ್ನೊಬ್ಬ ಪಿಲ್ಚರ್ (ಜಪ್ತಿ).
ಕಂದಾಯ ಬಾಕಿಗೆ ರಾಟೆ, ಹಗ್ಗ, ಹಿತ್ತಾಳೆ ಕೊಡ
ಒಂದೊಂದನ್ನೂ ಪಟ್ಟಿ ಮಾಡಿ ಹರಾಜು ಹಾಕಿಸಿದವನು.
ಸಂಪಾದಕರ ಕೆಂಪು ಶಾಯಿ ಅಂಚಿನಲ್ಲಿ:
'ಮೇಡಂ, ಇದು ತೀರ್ಪು. ಶೀರ್ಷಿಕೆಯಲ್ಲ.'

ಸರಿ. ಇಸವಿ ಹಾಕಿದೆ.
ಇಸವಿಗೆ ಯಾರ ಪಕ್ಷವೂ ಇಲ್ಲ.

ಆಮೇಲೆ ಫೋನು ಬಂತು, ಜೋಳದಹಾಳಿನಿಂದ.
'ಪಿಲಚೇರಪ್ಪ ಮಾತಾಡಾದ್ರೀ.'
ಪೆನ್ನು ಉರುಳಿ ಮೇಜಿನ ಕೆಳಗೆ ಹೋಯಿತು.
ಹತ್ತಿ ಜಿನ್ನಿನಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದ ಮನುಷ್ಯ.
'ನಮ್ಮ ಮುತ್ಯಾನೂ ಪಿಲಚೇರಪ್ಪ, ಅವನ ಮುತ್ಯಾನೂ.
ಯಾವುದೋ ದೊರಿ ಹೆಸರಂತ.
ನೀವು ದೊಡ್ಡ ಪುಸ್ತಕ ಮಾಡಾಕತ್ತೀರಂತಲ್ಲ,
ಯಾವ ದೊರಿ, ನೋಡಿ ಹೇಳ್ರಿ.'

ಇಬ್ಬರಿದ್ದಾರೆ, ಎಂದೆ.
ಆ ಕಡೆ ಒಂದು ಟಗರು ಕೂಗಿತು. ಯಾರೋ ಕೊಡ ಇಳಿಸಿದರು.
'ಇಬ್ಬರಾ?'
ಬಾವಿಯವನನ್ನು ಹೇಳಿದೆ.
'ಅವನ! ಅವನ ನೋಡ್ರಿ!'
ಜಪ್ತಿಯವನನ್ನೂ ಹೇಳದೆ ಇರಲಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಅಂದ:
'ಕೂಸು ಉಳೀಲಿ ಅಂತ ತಿಪ್ಪಣ್ಣ ಅಂತ ಇಡ್ತೀವಲ್ರೀ,
ಸಾವಿಗೆ ಹೇಸಿಗಿ ಆಗಿ ಮುಂದಕ ಹೋಗಲಿ ಅಂತ.
ಹಂಗ ಇಟ್ಟಿರಬೇಕು,
ಆ ಸುಡುಗಾಡು ದೊರಿ ನಮ್ಮ ಮನಿ ಬಿಟ್ಟು ಹೋಗಲಿ ಅಂತ.
ಹಿಂಗೂ ಇರಬಹುದು, ಹಂಗೂ ಇರಬಹುದು.
ಬಾವಿ ಇನ್ನೂ ಐತಿ. ಇಂಗ್ಲೀಷಿನಾಗ ಕಲ್ಲು ಐತಿ. ಬಂದು ಓದ್ರಿ.'

ಮೋಕಾ ಬಸ್ಸು ಹಿಡಿದು ಹೋದೆ. ಕರಿಮಣ್ಣು ಬಿರಿದಿತ್ತು.
ಬಾವಿಕಟ್ಟೆಯ ಕಲ್ಲಿನಲ್ಲಿ ಅವನ ಹೆಸರು ಸ್ಪಷ್ಟ,
ಒಂದು, ಎಂಟು, ಅದೂ ಸ್ಪಷ್ಟ;
ಮುಂದಿನ ಎರಡು ಅಂಕಿ ಇರಬೇಕಾದಲ್ಲಿ
ಮೂರು ಬೆರಳು ಹಿಡಿಸುವ ನುಣುಪಾದ ತಗ್ಗು.
ಹಗ್ಗ ತಿಂದದ್ದು, ಅಂದ ಪಿಲಚೇರಪ್ಪ.
ರಾಟೆ ಯಾಕಿಲ್ಲ, ಎಂದೆ.
'ಇತ್ತಂತ್ರೀ. ಜಪ್ತಿಗೆ ಹೋದದ್ದು ಮತ್ತ ಬರಲಿಲ್ಲ.
ಅಲ್ಲಿಂದ ಕಲ್ಲಿನ ಮ್ಯಾಲೇ ಸೇದ್ಯಾರ ಎಲ್ಲಾರೂ.'

ತಗ್ಗಿನೊಳಗೆ ಬೆರಳಿಟ್ಟು ನೋಡಿದೆ.
ಬಿಸಿಲಲ್ಲೂ ತಣ್ಣಗಿತ್ತು, ಅಥವಾ ಹಾಗೆನಿಸಿತು.

ಕರಡು ಸೋಮವಾರ ಕೊಡಬೇಕು.
ಬಸ್ ಟಿಕೆಟಿನ ಹಿಂದೆ ಬರೆದುಕೊಂಡಿದ್ದೇನೆ,
ಅಡ್ಡಉಲ್ಲೇಖಕ್ಕೆ ಒಂದು ಹೊಸ ಸಾಲು:
ಪಿಲಚೇರಪ್ಪ, ನೋಡಿ:
ಅಷ್ಟೇ ಬರೆದದ್ದು.
ಅವನಂತೂ ಬಸ್ಸು ಹೊರಟ ಮೇಲೂ ಕಿಟಕಿಗೆ ಕೂಗಿದ,
'ನಂದೂ ಹಾಕ್ರಿ ಬೇಕಾದರ,
ಆವರಣದಾಗ ತಕ್ಕಡಿ ಅಂತ!'